ಬಿಸ್ಕತ್ತಿನ ಪೊಟ್ಟಣ ಮತ್ತು ಪೌರನೀತಿ

ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಡಿಸೆಂಬರ್ ಎಂದರೆ ಚೀಟಿಗಳ ಕಾಲ. ಮಕ್ಕಳ ಡೈರಿಯಲ್ಲಿ ಒಂದು ಚೀಟಿ ಬರುತ್ತದೆ: ಇಂಥ ದಿನ ನೀರಿನಾಟದ ಪಾರ್ಕಿಗೆ ಪ್ರವಾಸ, ಇಷ್ಟು ದುಡ್ಡು, ಬದಲಿ ಬಟ್ಟೆ ಕಳಿಸಿ. ಅದರ ಬೆನ್ನಿಗೇ ಇನ್ನೊಂದು: ಇಂಥ ದಿನ ಅನಾಥಾಶ್ರಮಕ್ಕೆ ಭೇಟಿ, ಪ್ರತಿ ಮಗುವೂ ಎರಡು ಪೊಟ್ಟಣ ಬಿಸ್ಕತ್ತು ಮತ್ತು ಹರಿಯದಿರುವ ಒಂದು ಹಳೆಯ ಬಟ್ಟೆ ತರತಕ್ಕದ್ದು. ಮೊದಲನೆಯದರ ಬಗ್ಗೆ ನನ್ನ ತಕರಾರಿಲ್ಲ, ಮಕ್ಕಳು ನೀರಿನಲ್ಲಿ ಆಡಲಿ. ನನ್ನ ಜಗಳ ಎರಡನೆಯದರ ಜೊತೆ. ಯಾಕೆಂದರೆ ಶಾಲೆಗಳು ಅದಕ್ಕೆ ಇಟ್ಟಿರುವ ಹೆಸರು ಸಹಾನುಭೂತಿಯ ಪಾಠ.

ಅಂಥ ಭೇಟಿಗಳಿಗೆ ನಾನೂ ಜೊತೆಗೆ ಹೋಗಿದ್ದೇನೆ. ಆಶ್ರಮದ ಮಕ್ಕಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅವರು ಒಂದು ಪ್ರಾರ್ಥನೆ ಹಾಡುತ್ತಾರೆ. ಎದುರಿಗೆ ಇಸ್ತ್ರಿ ಮಾಡಿದ ಸಮವಸ್ತ್ರದ ಸಾಲು. ಈ ಸಾಲಿನಿಂದ ಆ ಸಾಲಿಗೆ ಪೊಟ್ಟಣಗಳು ಹೋಗುತ್ತವೆ, ಫೋಟೋ ಆಗುತ್ತದೆ, ಮುಕ್ಕಾಲು ಗಂಟೆಯಲ್ಲಿ ಬಸ್ಸು ವಾಪಸ್ಸು ಹೊರಡುತ್ತದೆ. ಒಬ್ಬರೂ ಇನ್ನೊಬ್ಬರ ಹೆಸರು ಕೇಳುವುದಿಲ್ಲ. ಇಷ್ಟರಲ್ಲಿ ಒಂಬತ್ತು ವರ್ಷದ ಮಗು ಏನು ಕಲಿತಿತು ಅಂದರೆ, ಲೋಕದಲ್ಲಿ ಕೊಡುವವರು, ತೆಗೆದುಕೊಳ್ಳುವವರು ಎಂದು ಎರಡು ಜಾತಿಯಿದೆ, ತಾನು ಕೊಡುವವರ ಪೈಕಿ ಹುಟ್ಟಿದ್ದೇನೆ ಎಂದು. ಆಚೆ ಸಾಲಿನ ಮಗು ಕಲಿತದ್ದನ್ನು ಯಾರೂ ಕೇಳುವುದಿಲ್ಲ. 'ಅಯ್ಯೋ ಪಾಪ' ಅನ್ನುವುದಕ್ಕೆ ಮನುಷ್ಯ ಒಂದು ಮೆಟ್ಟಿಲು ಮೇಲೆ ನಿಂತಿರಬೇಕಾಗುತ್ತದೆ. ಆ ಮೆಟ್ಟಿಲನ್ನು ಶಾಲೆಯೇ ಕಟ್ಟಿಕೊಡುತ್ತಿದೆ, ಅದೂ ಫೀಸು ತೆಗೆದುಕೊಂಡು.

ನಮ್ಮ ಭಾಷೆಯಲ್ಲಿ ಈ ವಿಷಯಕ್ಕೆ ಒಳ್ಳೆಯ ಪದವೊಂದಿದೆ, ಪೌರನೀತಿ. ಪೌರ ಅಂದರೆ ಪುರದವನು, ಊರಿನವನು. ನಾಗರಿಕ ಎಂಬ ಪದವೂ ನಗರದಿಂದಲೇ ಬಂದದ್ದು. ಊರನ್ನು ಬಲ್ಲವನೇ ಪೌರ ಎಂಬುದು ಪದದಲ್ಲೇ ಇದೆ. ಹಾಗಿದ್ದೂ ಪೌರನೀತಿಯನ್ನು ನಾವು ಕಲಿಸುವುದು ಕಿಟಕಿ ಮುಚ್ಚಿದ ಕೋಣೆಯಲ್ಲಿ: ಹಕ್ಕುಗಳು ಎಷ್ಟು, ಕರ್ತವ್ಯಗಳು ಎಷ್ಟು, ಬಿಟ್ಟ ಸ್ಥಳ ತುಂಬಿರಿ. ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ತೀರ್ಮಾನಿಸಿತು. ಒಳ್ಳೆಯದೇ. ಭ್ರಾತೃತ್ವ ಎಂದು ಮಕ್ಕಳು ಗಟ್ಟಿಯಾಗಿ ಹೇಳುತ್ತಾರೆ. ಅದೇ ಹೊತ್ತಿಗೆ ಗೇಟಿನ ಹೊರಗೆ ರಸ್ತೆ ಗುಡಿಸುತ್ತಿರುವ ಹೆಂಗಸಿನ ಹೆಸರು ಅವರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಆಕೆಯನ್ನು ನಾವು ಕರೆಯುವುದು ಪೌರಕಾರ್ಮಿಕೆ ಎಂದು. ಊರಿನವರು ಎಂಬ ಪದವನ್ನು ಉದ್ಯೋಗದ ಹೆಸರಿನಲ್ಲೇ ಇಟ್ಟುಕೊಂಡಿರುವವರು ಅವರು, ಅವರನ್ನೇ ಊರಿನವರ ಲೆಕ್ಕದಲ್ಲಿ ಸೇರಿಸದೆ ಬಿಟ್ಟಿದ್ದೇವೆ.

ಕೆಲವು ವರ್ಷಗಳಿಂದ ಚಾಮರಾಜಪೇಟೆಯ ಕಡೆಯ ಒಂದು ಸರ್ಕಾರಿ ಶಾಲೆಯ ನಾಲ್ಕು, ಐದನೇ ತರಗತಿಯ ಮಕ್ಕಳ ಜೊತೆ ಶನಿವಾರ ಊರು ಸುತ್ತುತ್ತೇನೆ. ಇದರಲ್ಲಿ ಹೊಸ ಶಿಕ್ಷಣ ಪದ್ಧತಿ ಏನೂ ಇಲ್ಲ. ಹತ್ತು ಹನ್ನೆರಡು ಮಕ್ಕಳು, ಒಬ್ಬರು ಮಿಸ್ಸು, ನಾನು, ನೀರಿನ ಬಾಟಲಿ. ಮಕ್ಕಳ ಕೂಟದಿಂದ ಹೊರಟು, ಆಸ್ಪತ್ರೆಗಳ ಗೋಡೆ ಹಿಡಿದುಕೊಂಡು, ಕೆ.ಆರ್. ಮಾರುಕಟ್ಟೆ ತಲುಪುವುದು ನಮ್ಮ ಹಳೆಯ ದಾರಿ. ಮಕ್ಕಳ ಕೂಟ ಕಟ್ಟಿದವರು ಆರ್. ಕಲ್ಯಾಣಮ್ಮ. ಆ ಕಾಲದಲ್ಲೇ ಪತ್ರಿಕೆ ನಡೆಸಿ, ಮಕ್ಕಳಿಗೆಂದು ಊರ ನಡುವೆ ಒಂದು ಜಾಗ ಬೇಕು ಎಂದು ಹಟ ಹಿಡಿದ ಹೆಂಗಸು. ಅಲ್ಲಿಂದ ಕನ್ನಡ ಸಾಹಿತ್ಯ ಪರಿಷತ್ತು ದೂರವೇನಿಲ್ಲ. ಪರಿಷತ್ತಿಗೆ ಹೋಗುವ ನಮ್ಮಲ್ಲಿ ಎಷ್ಟು ಜನ ಕೂಟದ ಗೇಟು ದಾಟಿದ್ದೇವೋ ಗೊತ್ತಿಲ್ಲ.

ಮಾರುಕಟ್ಟೆಯಲ್ಲಿ ಹೂವನ್ನು ಇವತ್ತಿಗೂ ಮೊಳದಲ್ಲಿ, ಮಾರಿನಲ್ಲಿ ಅಳೆಯುತ್ತಾರೆ. ಒಮ್ಮೆ ಹೂವಿನಜ್ಜಿಯ ಮೊಮ್ಮಗಳು ಅಳೆಯಲು ಹೋದಳು. ಗಿರಾಕಿ, "ನೀನು ಬೇಡ ಕಣಮ್ಮಾ, ಅಜ್ಜಿ ಅಳೀಲಿ" ಅಂದರು. ಮಗುವಿನ ಮೊಳ ಗಿಡ್ಡ. ನಮ್ಮ ಮಕ್ಕಳು ತಕ್ಷಣ ತಮ್ಮ ತಮ್ಮ ಕೈ ಚಾಚಿ ಅಳೆದುಕೊಳ್ಳಲು ಶುರು ಮಾಡಿದರು. ಹಾಗಾದರೆ ಒಂದು ಮೊಳ ಅಂದರೆ ಯಾರ ಮೊಳ? ಮಗು ಮಾರಿದರೆ ಬೆಲೆ ಕಮ್ಮಿ ಇರಬೇಕಲ್ಲವಾ? ವಾಪಸ್ಸು ಬರುವವರೆಗೂ ಇದೇ ವಾದ. ಆಗ ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿಯೊಬ್ಬಳು ಹೇಳಿದಳು: "ನಮ್ಮಮ್ಮ ಮನೇಲಿ ಹೂ ಕಟ್ಟುತ್ತೆ ಸಾರ್. ಒಂದು ಮಾರಿಗೆ ಇಷ್ಟು ಅಂತ ಕೊಡ್ತಾರೆ. ನಮ್ಮಮ್ಮ ಉದ್ದ, ಕೈನೂ ಉದ್ದ. ಪಕ್ಕದ ಮನೆ ಆಂಟಿ ಕುಳ್ಳಿ. ಅದಕ್ಕೇ ಅವರಿಗೆ ಬೇಗ ಒಂದು ಮಾರು ಆಗಿಬಿಡುತ್ತೆ."

ಗುಂಪು ಒಂದು ಕ್ಷಣ ತೆಪ್ಪಗಾಯಿತು. ಆಮೇಲೆ ಒಬ್ಬ, ಎಲ್ಲರಿಗೂ ಒಂದೇ ಕೋಲು ಕೊಡಬೇಕು ಅಂದ. ಇನ್ನೊಬ್ಬಳು, ಕೋಲು ಯಾರ ಕೈಯಲ್ಲಿರುತ್ತೆ ಅಂತ ಕೇಳಿದಳು. ಆ ಹುಡುಗಿಯ ಮೇಲೆ ಯಾರಿಗೂ ಕನಿಕರ ಹುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಅವಳಿಗೆ ಗೊತ್ತಿದ್ದದ್ದು ತಮಗೆ ಗೊತ್ತಿರಲಿಲ್ಲ ಎಂಬ ಅಚ್ಚರಿ ಹುಟ್ಟಿತು, ಅಷ್ಟೇ. ನಾನು ಸಹಾನುಭೂತಿ ಎನ್ನುವುದು ಇದನ್ನು. ಇದಕ್ಕೆ ಬಿಸ್ಕತ್ತು ಬೇಕಾಗಲಿಲ್ಲ.

ನೀರಿನ ಕಥೆ ಇನ್ನೂ ದೊಡ್ಡದು. ನಲ್ಲಿ ತಿರುಗಿಸಿದರೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನ ಬಲದಲ್ಲಿ ಹತ್ತಿ ಬರುತ್ತದೆ. ಊರಿನದೇ ನೀರು ಎಲ್ಲಿ ಹೋಯಿತು ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಆಗ ಅವರನ್ನು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ, ಇದು ಧರ್ಮಾಂಬುಧಿ ಕೆರೆ ಅನ್ನಬೇಕು. ಕಂಠೀರವ ಕ್ರೀಡಾಂಗಣದ ಹತ್ತಿರ ನಿಲ್ಲಿಸಿ, ಇದು ಸಂಪಂಗಿ ಕೆರೆ ಅನ್ನಬೇಕು. ಕೆರೆ ಹೋದರೂ ಕರಗದವರು ಉಳಿದಿರುವ ಚಿಕ್ಕ ಕುಂಟೆಯನ್ನು ಬಿಟ್ಟುಕೊಟ್ಟಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳು ಬತ್ತಿ ನಗರದ ಅಂಚಿನ ಬಡಾವಣೆಗಳು ಟ್ಯಾಂಕರಿಗೆ ಕಾದು ಕೂತಾಗ, ಮಕ್ಕಳ ಪ್ರಬಂಧ ಸ್ಪರ್ಧೆಯ ವಿಷಯ 'ನೀರಿನ ಮಹತ್ವ' ಎಂದಿತ್ತು. ಯಾರ ಮನೆಗೆ ವಾರಕ್ಕೆ ಎಷ್ಟು ಕೊಡ ಬಂತು ಎಂದು ತರಗತಿಯಲ್ಲೇ ಲೆಕ್ಕ ಹಾಕಿದ್ದರೆ ಸಾಕಿತ್ತು. ಮಹತ್ವ ತಾನಾಗಿ ತಿಳಿಯುತ್ತಿತ್ತು, ಅದರ ಜೊತೆಗೆ ಅನ್ಯಾಯವೂ.

ಕಸದ್ದೂ ಹೀಗೇ. ಎನ್‌ಸಿಇಆರ್‌ಟಿಯ ಐದನೇ ತರಗತಿಯ ಪರಿಸರ ಅಧ್ಯಯನ ಪುಸ್ತಕದಲ್ಲಿ ಶುಚಿಗೊಳಿಸುವ ಕೆಲಸದ ಬಗ್ಗೆ ಒಂದು ಪಾಠವಿತ್ತು. ಆ ಕೆಲಸ ಮಾಡುವವರನ್ನು ಮಾತನಾಡಿಸಿ ಬನ್ನಿ ಎಂದು ಅದು ಮಕ್ಕಳಿಗೆ ನೇರವಾಗಿ ಹೇಳುತ್ತಿತ್ತು. ಎಷ್ಟು ಶಾಲೆಗಳು ಮಾತನಾಡಿಸಿದವು? ನನಗೆ ಗೊತ್ತಿರುವ ಒಂದು ಶಾಲೆ ಆ ಪ್ರಶ್ನೆಯ ಉತ್ತರವನ್ನು ಬೋರ್ಡಿನ ಮೇಲೆ ಬರೆಸಿ ಎಲ್ಲರಿಂದ ಕಾಪಿ ಮಾಡಿಸಿತು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸುರಿಸಿಕೊಂಡ ಮಂಡೂರಿನ ಜನ 2014ರಲ್ಲಿ ರಸ್ತೆಗಿಳಿದು ಲಾರಿ ತಡೆದರಲ್ಲ, ಅದು ಈ ನಗರದ ದೊಡ್ಡ ಪೌರನೀತಿ ಪಾಠ. ನಮ್ಮ ಅಡುಗೆಮನೆಯ ಕವರು ಇನ್ನೊಂದು ಊರಿನ ಬಾವಿಯನ್ನು ಕೆಡಿಸುತ್ತದೆ ಎಂಬುದಕ್ಕಿಂತ ಹತ್ತಿರದ ಉದಾಹರಣೆ ಯಾವ ಪುಸ್ತಕದಲ್ಲಿ ಸಿಗುತ್ತದೆ?

ಇಷ್ಟು ಹೇಳಿದ ಕೂಡಲೇ ಬರುವ ಮಾತು ಸುರಕ್ಷತೆಯದ್ದು. ಇದು ಹಗುರವಾದ ಮಾತಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಅಂಥ ಸುದ್ದಿ ಓದಿದ ತಂದೆತಾಯಿ ಸಹಿ ಹಾಕಲು ಹಿಂಜರಿದರೆ ಅವರನ್ನು ಗೇಲಿ ಮಾಡುವಂತಿಲ್ಲ. ಆದರೆ ನಮ್ಮ ಶಾಲೆಗಳು ಇದರಿಂದ ಕಲಿತದ್ದೇನು? ನೂರು ಮಕ್ಕಳನ್ನು ರಾತ್ರಿ ಬಸ್ಸಿನಲ್ಲಿ ತುಂಬಿಕೊಂಡು ಕಾಣದ ಕಡಲಿಗೆ ಹೋಗುವ ಪ್ರವಾಸ ಅಲ್ಲಲ್ಲಿ ನಡೆದೇ ಇದೆ. ಹತ್ತು ಮಕ್ಕಳನ್ನು ಕರೆದುಕೊಂಡು ಒಂದು ಕಿಲೋಮೀಟರು ನಡೆಯುವುದು ಮಾತ್ರ ಅಪಾಯ ಎನಿಸಿಕೊಂಡಿದೆ. ಫುಟ್‌ಪಾತು ಸರಿಯಿಲ್ಲ ಅನ್ನುತ್ತಾರೆ. ಸರಿಯಿಲ್ಲ, ನಿಜ. ಚಪ್ಪಡಿ ಕಿತ್ತುಹೋಗಿದೆ, ಟ್ರಾನ್ಸ್‌ಫಾರ್ಮರು ಅಡ್ಡ ಬಂದಿದೆ, ಸ್ಕೂಟರು ಅದರ ಮೇಲೇ ಓಡುತ್ತದೆ. ಅದೇ ಫುಟ್‌ಪಾತಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳು ದಿನಾ ನಡೆದೇ ಶಾಲೆಗೆ ಬರುತ್ತಾರಲ್ಲ, ಅವರ ಸುರಕ್ಷತೆ ಯಾರ ತಲೆನೋವು? ಗಾಜು ಏರಿಸಿದ ವ್ಯಾನಿನಲ್ಲಿ ಬೆಳೆದ ಹುಡುಗ ದೊಡ್ಡವನಾಗಿ ಎಂಜಿನಿಯರೋ ಶಾಸಕನೋ ಆದಾಗ ಫುಟ್‌ಪಾತು ಎಂಬುದೊಂದು ಇರಬೇಕು ಎಂಬುದೇ ಅವನಿಗೆ ಹೊಳೆಯುವುದಿಲ್ಲ. ಈಗಿರುವ ಫುಟ್‌ಪಾತುಗಳನ್ನು ನೋಡಿದರೆ ಅಂಥವರ ಮೊದಲ ತಲೆಮಾರು ಆಗಲೇ ಅಧಿಕಾರಕ್ಕೆ ಬಂದಾಗಿದೆ ಎಂದು ನನ್ನ ಗುಮಾನಿ.

ಸಾಹಿತ್ಯ ಓದುವ ನಾವು ಇಲ್ಲಿ ಇನ್ನೊಂದು ಆಟ ಆಡುತ್ತೇವೆ. 'ತೊತ್ತೋಚಾನ್' ಪುಸ್ತಕವನ್ನು ಮೆಚ್ಚಿ ಎಲ್ಲರಿಗೂ ಕೊಡುತ್ತೇವೆ. ಆ ಶಾಲೆಯ ಮಕ್ಕಳು ಬೆಳಗಿನ ಪಾಠ ಮುಗಿದರೆ ಮಧ್ಯಾಹ್ನ ಊರು ಅಡ್ಡಾಡಲು ಹೋಗುವುದನ್ನು ಓದಿ ಕಣ್ಣು ತೇವ ಮಾಡಿಕೊಳ್ಳುತ್ತೇವೆ. ನಮ್ಮ ಮಗುವಿನ ಮಿಸ್ಸು ಒಂದು ಮಧ್ಯಾಹ್ನ ಹಾಗೆ ಮಾಡಿದರೆ ಸಂಜೆಗೆ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಮೊದಲ ದೂರು ನಮ್ಮದೇ ಇರುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಊರು ಸುತ್ತಿಸುವುದೇ ಈಗ ಕೆಲವು ದುಬಾರಿ ಶಾಲೆಗಳಲ್ಲಿ ಫ್ಯಾಷನ್ ಆಗುತ್ತಿದೆ. ಕೊಳೆಗೇರಿಗೆ ಒಂದು ಸುತ್ತು, ಕೈಯಲ್ಲಿ ವರ್ಕ್‌ಶೀಟು: ಇವರ ಮನೆಯಲ್ಲಿ ಎಷ್ಟು ಕೋಣೆಗಳಿವೆ? ಮೃಗಾಲಯಕ್ಕೆ ಹೋದಾಗ ಕೊಡುವ ಹಾಳೆಗೂ ಇದಕ್ಕೂ ವ್ಯತ್ಯಾಸ ನನಗೆ ಕಾಣುವುದಿಲ್ಲ. ಆ ಮನೆಯ ಮಗು ಇವರ ಜೊತೆ ಅದೇ ಬೆಂಚಿನಲ್ಲಿ ಕೂತಿದ್ದರೆ ಈ ಹಾಳೆಯೇ ಬೇಕಾಗುತ್ತಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25 ಸೀಟು ಬಡ ಮಕ್ಕಳಿಗೆ ಎಂದದ್ದು ಅದಕ್ಕೇ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲ ಎಂದು ಕರ್ನಾಟಕ 2019-20ರ ಪ್ರವೇಶದಿಂದ ನಿಯಮ ಬದಲಾಯಿಸಿತು. ಸರ್ಕಾರಿ ಶಾಲೆ ಉಳಿಸಲು ಎಂಬ ಕಾರಣ ಕೊಟ್ಟರು. ಸರ್ಕಾರಿ ಶಾಲೆ ಎಷ್ಟು ಉಳಿಯಿತು ಎಂಬ ಚರ್ಚೆ ಬೇರೆ. ಒಂದೇ ಬೀದಿಯ ಮಕ್ಕಳು ಒಬ್ಬರನ್ನೊಬ್ಬರು ನೋಡುವ ಕೊನೆಯ ಬಾಗಿಲಂತೂ ಮುಚ್ಚಿತು.

ಅದಕ್ಕೇ ನನ್ನ ಒತ್ತಾಯ ಇಷ್ಟು: ಎರಡು ಶಾಲೆಯ ಮಕ್ಕಳು ಸೇರಿ ಒಂದೇ ಬೀದಿಯಲ್ಲಿ ನಡೆಯಲಿ, ಮುಂದೆ ಸರ್ಕಾರಿ ಶಾಲೆಯ ಮಕ್ಕಳಿರಲಿ. ಊರು ಗೊತ್ತಿರುವುದು ಅವರಿಗೆ. ಯಾವ ಮೋರಿ ಮಳೆಗೆ ಉಕ್ಕುತ್ತದೆ, ಯಾವ ಬಸ್ಸಿನಲ್ಲಿ ಬೆಳಗ್ಗೆ ಆರಕ್ಕೇ ಮನೆಗೆಲಸದ ಹೆಂಗಸರು ಹತ್ತುತ್ತಾರೆ, ಎಲ್ಲಿ ನಾಯಿ ಕಚ್ಚುತ್ತದೆ, ಎಲ್ಲ. ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ಟಿಲ್ಲ, ನಮಗ್ಯಾಕಿಲ್ಲ ಎಂದು ನಮ್ಮ ಗುಂಪಿನ ಹುಡುಗರು ಬಸ್ಸಿನಲ್ಲೇ ಜಗಳ ತೆಗೆದಿದ್ದರು. ಕಂಡಕ್ಟರ್ ಅಕ್ಕ ಕೊಟ್ಟ ಉತ್ತರ ಯಾವ ಸಂಪಾದಕೀಯಕ್ಕೂ ಕಮ್ಮಿಯಿರಲಿಲ್ಲ: "ನಿಮ್ಮಮ್ಮನ ಕೇಳು, ಮೊದಲು ಎಷ್ಟು ಸ್ಟಾಪು ನಡೀತಿದ್ರು ಅಂತ."

ಹಳ್ಳಿಯ ಮಕ್ಕಳಿಗೆ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಇದೆ. ಹೆಸರಿಗೆ ನಡೆಯುವ ಕಡೆಯೂ ಉಂಟು, ಆದರೂ ಪಂಚಾಯಿತಿಯವರ ಎದುರು ನಿಂತು ಶೌಚಾಲಯಕ್ಕೆ ನೀರಿಲ್ಲ ಎಂದು ಹೇಳುವ ಒಂದು ಜಾಗವಾದರೂ ಇದೆ. ನಗರದ ಮಕ್ಕಳಿಗೆ ಅಂಥ ವಾಡಿಕೆಯಿಲ್ಲ. ಮಕ್ಕಳದ್ದು ಬಿಡಿ, ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ದಾಟಿದರೂ ದೊಡ್ಡವರಿಗೇ ಚುನಾವಣೆ ನಡೆಯಲಿಲ್ಲ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಗು ಕಾರ್ಪೊರೇಟರ್ ಎಂಬುವರನ್ನು ಒಮ್ಮೆಯೂ ನೋಡದೆ ಪ್ರಾಥಮಿಕ ಶಾಲೆಯ ಐದು ತರಗತಿ ಮುಗಿಸಿತು.

ಇದು ನನ್ನ ಅರಿವಿಗೆ ಬಂದದ್ದು ಮಕ್ಕಳು ಪತ್ರ ಬರೆಯಲು ಕೂತಾಗ. ಶಾಲೆಯ ಹಿಂದಿನ ಮೋರಿಯ ಮೇಲೆ ಎರಡು ಚಪ್ಪಡಿ ಇರಲಿಲ್ಲ. ಹೆಜ್ಜೆಯಲ್ಲಿ ಅಳೆದು, ಚಿತ್ರ ಬರೆದು, ಯಾವ ಯಾವ ಹೊತ್ತಿಗೆ ಅಲ್ಲಿ ಯಾರು ಓಡಾಡುತ್ತಾರೆ ಎಂದು ಪಟ್ಟಿ ಮಾಡಿದ್ದರು. ಪಟ್ಟಿಯಲ್ಲಿ ಕೋಲು ಹಿಡಿದು ಬರುವ ಒಬ್ಬ ತಾತನೂ ಇದ್ದ, ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ಪಕ್ಕದಲ್ಲಿ ಬರೆದಿದ್ದರು. 'ಇವರಿಗೆ' ಎನ್ನುವ ಜಾಗಕ್ಕೆ ಬಂದಾಗ ನನ್ನ ಮುಖ ನೋಡಿದರು. ನಮ್ಮ ವಾರ್ಡಿನ ಮೆಂಬರ್ ಯಾರು ಸಾರ್? ಮಿಸ್ಸಿಗೂ ಗೊತ್ತಾಗಲಿಲ್ಲ, ನನಗೂ. ಕೊನೆಗೆ ಒಬ್ಬಳು 'ಈ ಮೋರಿ ಯಾರದ್ದೋ ಅವರಿಗೆ' ಎಂದು ಬರೆದು, ಕೆಳಗೆ ಹನ್ನೊಂದು ಜನ ಸಹಿ ಹಾಕಿದರು. ನಾವು ಅದನ್ನು ತೆಗೆದುಕೊಂಡು ಹೋದ ಕಚೇರಿಯಲ್ಲಿ, ವಿಳಾಸ ಸರಿಯಿಲ್ಲ ಎಂದು ಮೊಹರು ಹಾಕಿಕೊಡಲು ಒಪ್ಪಲಿಲ್ಲ. ಮಕ್ಕಳು ಮೊಹರಿಗಾಗಿ ಅಲ್ಲೇ ಬೆಂಚಿನ ಮೇಲೆ ಕೂತರು.