ತೇಗದ ತೊಲೆಗೆ ಒಡೆಯನಾರು?

ತಾಂಡೂರಿನ ಹಳೆಯ ಮನೆಯೊಂದನ್ನು ಹೊಕ್ಕರೆ ಕಾಲಿಗೆ ತಗಲುವುದು ಊರಿನದೇ ಫರಸಿ ಕಲ್ಲಿನ ತಂಪು. ತಲೆಯೆತ್ತಿದರೆ ಕಾಣುವುದು ಅಡವಿ ಸೀಮೆಯಿಂದ ಬಂದ ಸಾಗವಾನಿಯ ತೊಲೆ, ಜಂತಿ, ಬೋದಿಗೆ. ಜಹೀರಾಬಾದ್, ನಾರಾಯಣಖೇಡಗಳ ಮಾಳಿಗೆ ಮನೆಗಳಲ್ಲಿಯೂ ಇಂತಹ ತೊಲೆಗಳಿವೆ. ಮನೆ ಕೆಡವಿದರೂ ತೊಲೆಯನ್ನು ಕೆಡಿಸುವುದಿಲ್ಲ. ಅದು ಮೊಮ್ಮಗನ ಮನೆಗೂ ಆಧಾರವಾಗುತ್ತದೆ. ಆದುದರಿಂದ ಮರವು ಮನೆಯವನ ಆಸ್ತಿಯೆಂಬ ಮಾತಿನಲ್ಲಿ ಯಾರಿಗೂ ಸಂಶಯ ಹುಟ್ಟದು. ಆದರೆ ಇನ್ನೂರು ವರ್ಷಗಳ ಹಿಂದೆ, ಪಶ್ಚಿಮ ಘಟ್ಟದ ಕೆಳಗಣ ಕನ್ನಡ, ತುಳು, ಮಲಯಾಳ ಸೀಮೆಗಳಲ್ಲಿ, ಮರವು ನೆಲದ ಒಡೆಯನದೋ ಸರಕಾರದ್ದೋ ಎಂಬ ಪ್ರಶ್ನೆಯೇ ಹದಿನೈದು ವರ್ಷಗಳಿಗೂ ಮೀರಿದ ದೊಡ್ಡ ವ್ಯಾಜ್ಯವಾಗಿತ್ತು.

ವ್ಯಾಜ್ಯದ ಬೇರು ಇದ್ದುದು ಘಟ್ಟದಲ್ಲಲ್ಲ, ಇಂಗ್ಲೆಂಡಿನ ಹಡಗುಕಟ್ಟೆಗಳಲ್ಲಿ. ಆ ದೇಶದ ಯುದ್ಧನೌಕೆಗಳಿಗೆ ಓಕ್ ಮರವೇ ಬೆನ್ನೆಲುಬು. ನೆಲ್ಸನ್ನನ ‘ವಿಕ್ಟರಿ’ ನೌಕೆಯೊಂದಕ್ಕೇ ಸುಮಾರು 6000 ಮರಗಳು ಬಿದ್ದುವೆಂದು ಲೆಕ್ಕ. ಫ್ರಾನ್ಸಿನೊಡನೆ ಬಿಡುವಿಲ್ಲದೆ ನಡೆದ ಯುದ್ಧಗಳಿಂದ ಓಕ್ ತೋಪುಗಳು ಬರಿದಾದುವು. 1805ರಲ್ಲಿ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು, ಮಲಬಾರಿನ ತೇಗವನ್ನು ರಾಜನೌಕಾಪಡೆಯು ಎಷ್ಟರ ಮಟ್ಟಿಗೆ ನೆಚ್ಚಬಹುದೆಂದು ವಿಚಾರಿಸಿ ಪತ್ರ ಬರೆದರು. ತೇಗಕ್ಕೆ ಓಕ್‌ಗಿಲ್ಲದ ಗುಣವೊಂದಿದೆ. ಓಕ್ ಮರದ ಒಗರು ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದೊಳಗಿನ ಎಣ್ಣೆಯು ಮೊಳೆಯನ್ನೂ ಕಾಯುತ್ತದೆ, ಗೆದ್ದಲನ್ನೂ ದೂರವಿಡುತ್ತದೆ. ಮನೆ ಕಟ್ಟುವವನಿಗೆ ಪ್ರಿಯವಾದ ಗುಣವೇ ಹಡಗು ಕಟ್ಟುವವನಿಗೂ ಬೇಕಾಯಿತು.

1806ರ ನವೆಂಬರಿನಲ್ಲಿ ಪೊಲೀಸ್ ಇಲಾಖೆಯ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಲಾಯಿತು. ಭಾರತದಲ್ಲಿ ಈ ಹುದ್ದೆಗೆ ಅವನೇ ಮೊದಲಿಗ. ಕಾಡು ನೋಡಿಕೊಳ್ಳಲು ಪೊಲೀಸ್ ಅಧಿಕಾರಿಯನ್ನು ಆರಿಸಿದುದರಲ್ಲಿಯೇ ಮುಂದಿನ ಕಥೆಯ ಅರ್ಧ ಅಡಗಿದೆ. 1807ರ ಏಪ್ರಿಲ್ ತಿಂಗಳಿನ ಘೋಷಣೆಯೊಂದು ಹಿಂದಿನ ಅರಸರಿಗೆ ತೇಗದ ಮೇಲೆ ಇದ್ದ ರಾಜಹಕ್ಕು ಈಗ ಕಂಪನಿಯದೆಂದು ಸಾರಿತು. ಅಪ್ಪಣೆಯಿಲ್ಲದೆ ತೇಗ ಕಡಿಯುವುದನ್ನು ನಿಷೇಧಿಸಿತು. ಅರಸರ ಕಾಲದ ಹಕ್ಕು ಎಷ್ಟಿತ್ತು, ಎಲ್ಲಿಯವರೆಗೆ ಇತ್ತು ಎಂಬ ವಿಚಾರಣೆ ಆಮೇಲಿನ ಮಾತು. ವಾಟ್ಸನ್ನನು ಒಂದೆರಡು ವರ್ಷಗಳಲ್ಲಿಯೇ ರಾಜಹಕ್ಕನ್ನು ಸಂಪೂರ್ಣ ಏಕಸ್ವಾಮ್ಯವಾಗಿ ಮಾರ್ಪಡಿಸಿದನು. ಖಾಸಗಿ ಕಾಡಿನ ಮರವೂ ಸರಕಾರದ ಮರವೆಂದೇ ಎಣಿಕೆಯಾಯಿತು. ಮಲಬಾರಿನಲ್ಲಿ ಮೊದಲಾದ ಈ ಪದ್ಧತಿ ಕೆನರಾ ಜಿಲ್ಲೆಯನ್ನೂ ಆವರಿಸಿತು. ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳೆಲ್ಲ ಆಗ ಆ ಒಂದೇ ಜಿಲ್ಲೆಯೊಳಗಿದ್ದುವು.

ನೆಲದ ಒಡೆಯನಿಗೆ ಇದರಿಂದ ಆದ ಕಷ್ಟವನ್ನು ಅರಿಯಬೇಕಾದರೆ ಮರದ ವ್ಯವಹಾರದ ರೀತಿಯನ್ನು ತಿಳಿಯಬೇಕು. ತೇಗದ ಮರ ದೊಡ್ಡ ತೊಲೆಗೆ ಬರುವುದಕ್ಕೆ ಅರುವತ್ತು, ಎಂಬತ್ತು ವರ್ಷ ಬೇಕು. ತಾತ ಕಾದುಕೊಂಡ ಮರಕ್ಕೆ ಮೊಮ್ಮಗ ಕೊಡಲಿ ಹಾಕುತ್ತಾನೆ. ಹಸಿ ತೇಗವು ನೀರಿನಲ್ಲಿ ಸರಿಯಾಗಿ ತೇಲದು. ಆದುದರಿಂದ ನಿಂತ ಮರದ ಬುಡಕ್ಕೆ ಸುತ್ತಲೂ ಕಚ್ಚು ಹಾಕಿ, ಅದು ನಿಂತಲ್ಲಿಯೇ ಒಣಗುವವರೆಗೆ ಎರಡು ಮೂರು ವರ್ಷ ಕಾಯುವ ಪದ್ಧತಿಯಿತ್ತು. ಇಲ್ಲವೆ ದಿಮ್ಮಿಗೆ ಬಿದಿರು ಕಟ್ಟಿ ತೇಲಿಸಬೇಕು. ಆನೆಗಳಿಂದ ಹೊಳೆಯವರೆಗೆ ಎಳೆಸಿ, ಮಳೆಗಾಲದ ನೆರೆಯಲ್ಲಿ ಬಿಟ್ಟರೆ ಮರವು ಕಡಲ ಕರೆಯನ್ನು ಮುಟ್ಟುತ್ತದೆ. ಕೂಲಿ, ಆನೆಯ ಬಾಡಿಗೆ, ಸಾಲದ ಬಡ್ಡಿ ಎಲ್ಲವೂ ಮಾರಾಟಕ್ಕೆ ಮೊದಲೇ ಕೈಬಿಟ್ಟ ಹಣ. ಇಷ್ಟಾದ ಮೇಲೆ ಮರವನ್ನು ಬೇರೆಯವರಿಗೆ ಮಾರಕೂಡದು, ಕೊಳ್ಳುವವರು ಹೇಳಿದ್ದೇ ಬೆಲೆ ಎಂದಾದರೆ ಒಡೆಯನ ಬಳಿ ಉಳಿಯುವುದು ಒಡೆತನದ ಹೆಸರು ಮಾತ್ರ. ಅಪ್ಪಣೆಯಿಲ್ಲದೆ ಕಡಿದುದು ಕಳ್ಳಮಾಲು; ತನ್ನ ನೆಲದ ಮರಕ್ಕೆ ತಾನೇ ಕಳ್ಳನಾಗುವ ವಿಚಿತ್ರ ಸ್ಥಿತಿ.

ದೊಡ್ಡ ಭೂಮಾಲಿಕರೂ ಮರದ ವರ್ತಕರೂ ದೂರು ಕೊಟ್ಟರು. ಇವರ ಕೂಗಿಗೆ ಸ್ವಾರ್ಥವಿರಲಿಲ್ಲವೆನ್ನಲಾಗದು. ವರ್ತಕನು ಕಾಡನ್ನು ಪ್ರೀತಿಯಿಂದ ನೋಡಿದವನಲ್ಲ. ಆದರೆ ಬಿಸಿ ತಟ್ಟಿದುದು ಅವರಿಗೆ ಮಾತ್ರವಲ್ಲ. ಸೌದೆ ತರುವ ಸಾಮಾನ್ಯ ರೈತನಿಗೂ ಅಡ್ಡಿಯುಂಟಾಯಿತು. ಅತ್ತ ಮುಂಬಯಿಯ ಹಡಗುಕಟ್ಟೆಗೆ ಅಗ್ಗದ ಮರ ಧಾರಾಳವಾಗಿ ಹೋಗುತ್ತಿದ್ದುದರಿಂದ ಮೇಲಿನವರಿಗೆ ಇಲಾಖೆಯ ಮೇಲೆ ಅಸಮಾಧಾನವಿರಲಿಲ್ಲ. ಅಲ್ಲಿ ವಾಡಿಯಾ ಮನೆತನದ ಪಾರಸಿ ಶಿಲ್ಪಿಗಳು ತೇಗದಿಂದ ಕಟ್ಟಿದ ನೌಕೆಗಳು ಜಗತ್ತಿನ ಕಡಲುಗಳನ್ನು ಸುತ್ತಿದುವು: 1810ರಲ್ಲಿ ‘ಮಿಂಡನ್’, 1813ರಲ್ಲಿ ‘ಕಾರ್ನ್‌ವಾಲಿಸ್’, 1817ರಲ್ಲಿ ‘ಟ್ರಿಂಕೋಮಲಿ’.

ಈ ವ್ಯಾಜ್ಯವನ್ನು ತೀರಿಸಿದವನು ನ್ಯಾಯಾಧೀಶನಲ್ಲ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ. ಮಂತ್ರಾಲಯಕ್ಕೆ ಹೋಗಿಬಂದ ಮನೆಗಳಲ್ಲಿ ಈ ಹೆಸರು ಅಪರಿಚಿತವಲ್ಲ. ರಾಯರ ಬೃಂದಾವನದ ಮುಂದೆ ಅವನು ನಿಂತ ಐತಿಹ್ಯವನ್ನು ಮಕ್ಕಳೂ ಕೇಳಿರುತ್ತಾರೆ. ಆದರೆ ಇಲ್ಲಿ ಮುಖ್ಯವಾದುದು ಅದಕ್ಕಿಂತ ಹಿಂದಿನ ಸಂಗತಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಕೆನರಾ ಕಂಪನಿಯ ಕೈಸೇರಿದಾಗ ಅಲ್ಲಿಗೆ ಕಲೆಕ್ಟರಾಗಿ ಬಂದವನು ಈ ಮನ್ರೋ. ಅವನಿಗೆ ಆ ಮಳೆಯ ಜಿಲ್ಲೆ ಹಿಡಿಸಲಿಲ್ಲ. ವರ್ಷ ಕಳೆಯುತ್ತಲೇ ಹೊರಟುಹೋದನು. ಆದರೆ ಆ ಅಲ್ಪಾವಧಿಯಲ್ಲಿಯೇ ಹಳೆಯ ಕಡತಗಳನ್ನು, ಕ್ರಯಪತ್ರಗಳನ್ನು ತರಿಸಿ ನೋಡಿ, ಕೆನರಾದ ಭೂಮಿಯು ಖಾಸಗಿ ಸ್ವತ್ತು, ಅದನ್ನು ಮಾರುವ, ಅಡವಿಡುವ, ಮಕ್ಕಳಿಗೆ ಬಿಡುವ ಹಕ್ಕು ಒಡೆಯನಿಗೆ ಬಹುಕಾಲದಿಂದ ನಡೆದುಬಂದಿದೆಯೆಂದು 1800ರಲ್ಲಿಯೇ ಮೇಲಧಿಕಾರಿಗಳಿಗೆ ಬರೆದಿದ್ದನು. ನೆಲವು ಒಡೆಯನದೆಂದು ಬರೆದವನಿಗೆ, ಆ ನೆಲದ ಮೇಲಿನ ಮರ ಕಂಪನಿಯದೆಂಬ ಮಾತು ಸರಿಕಾಣದಿದ್ದುದು ಆಶ್ಚರ್ಯವಲ್ಲ.

1822ರ ನವೆಂಬರ್ 26ರಂದು ಮಲಬಾರ್, ಕೆನರಾಗಳ ಮರದ ಏಕಸ್ವಾಮ್ಯವನ್ನು ಕುರಿತು ಮನ್ರೋ ಒಂದು ಟಿಪ್ಪಣಿ ಬರೆದನು. ಅದರ ತಾತ್ಪರ್ಯ ವರ್ತಕನಿಗೂ ತಿಳಿಯುವಷ್ಟು ಸರಳ: ಒಳ್ಳೆಯ ಬೆಲೆ ಸಿಕ್ಕಿದರೆ ಒಡೆಯನು ತಾನಾಗಿಯೇ ಮರ ಬೆಳೆಸುತ್ತಾನೆ, ಪೇಟೆಗೆ ತರುತ್ತಾನೆ; ಸರಕಾರಕ್ಕೆ ಮರ ಬೇಕಾದರೆ ಎಲ್ಲರಂತೆ ಕೊಂಡುಕೊಳ್ಳಲಿ; ಅಗ್ಗದ ಮರಕ್ಕಾಗಿ ಇಡೀ ಸೀಮೆಯ ಜನರ ಮನಸ್ಸನ್ನು ಕೆಡಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ. ಮೇಲಿನ ಸರಕಾರ ಒಪ್ಪಿತು. 1823ರಲ್ಲಿ ಹುದ್ದೆಯೇ ರದ್ದಾಯಿತು.

ಮನ್ರೋ ಪರಕೀಯರ ಆಳ್ವಿಕೆಯ ಸೇವಕನೇ ಆಗಿದ್ದನೆಂಬುದನ್ನು ಮರೆಯಬಾರದು. ಕಂಪನಿಯ ರಾಜ್ಯವನ್ನು ಭದ್ರಪಡಿಸುವುದೇ ಅವನ ಉದ್ದೇಶ. ಆದರೂ ಸರಕಾರವು ಪ್ರಜೆಯ ಮುಂದೆ ಕೊಳ್ಳುವವನಾಗಿ ನಿಲ್ಲಬೇಕೇ ಹೊರತು ಕಸಿಯುವವನಾಗಿ ಅಲ್ಲವೆಂಬುದನ್ನು ಅಧಿಕಾರದ ಒಳಗಿದ್ದುಕೊಂಡೇ ಹೇಳಿದವರು ಆ ಕಾಲದಲ್ಲಿ ವಿರಳ. ಅವನ ಲೆಕ್ಕಾಚಾರ ಪೂರ್ತಿ ನಿಜವಾಗಲಿಲ್ಲವೆಂಬುದನ್ನೂ ಹೇಳಬೇಕು. ತಡೆ ಹೋದೊಡನೆ ವರ್ತಕರ ಕೊಡಲಿಗೆ ಬಿಡುವಿಲ್ಲದಂತಾಯಿತು. ಹೊಳೆಗೆ ಹತ್ತಿರವಾದ ಒಳ್ಳೆಯ ತೇಗವೆಲ್ಲ ಬೇಗನೆ ತೀರಿತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ನಿಲಂಬೂರಿನಲ್ಲಿ ತೇಗದ ಸಸಿಗಳನ್ನು ನೆಡಿಸಬೇಕಾಯಿತು.

ಬಿಟ್ಟ ಹಿಡಿತವನ್ನು ಸರಕಾರವು ಬಹುಕಾಲ ಬಿಟ್ಟಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 1847ರಲ್ಲಿ ಡಾ. ಗಿಬ್ಸನ್, ಮದರಾಸಿನಲ್ಲಿ 1856ರಲ್ಲಿ ಡಾ. ಕ್ಲೆಗಾರ್ನ್ ಅರಣ್ಯಾಧಿಕಾರಿಗಳಾದರು. ಈ ಬಾರಿ ಹಡಗಿನ ಜೊತೆಗೆ ರೈಲುಹಳಿಯ ಅಡಿಮರಗಳೂ ಬೇಕಾಗಿದ್ದುವು. 1865ರ, 1878ರ ಅರಣ್ಯ ಕಾಯಿದೆಗಳು ಬಂದುವು. ವಾಟ್ಸನ್ನನ ಕಾಲದಲ್ಲಿ ಬರಿಯ ಘೋಷಣೆಯಾಗಿದ್ದುದು ಈಗ ಶಾಸನವಾಯಿತು. ಕೆನರಾದ ಉತ್ತರಭಾಗವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿನವರ ವ್ಯಾಜ್ಯಗಳು ಮುಂಬಯಿ ಹೈಕೋರ್ಟನ್ನು ಮುಟ್ಟಿದುವು. ಭಾಸ್ಕರಪ್ಪ ಎಂಬ ಭೂಮಾಲಿಕರು ಉತ್ತರ ಕನ್ನಡದ ಕಲೆಕ್ಟರರ ವಿರುದ್ಧ ನಡೆಸಿದ ಮೊಕದ್ದಮೆಯ ತೀರ್ಪು 1879ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿಯ ನೆಲದ ಮೇಲೆ, ಅಲ್ಲಿನ ಅರಣ್ಯದ ಮೇಲೆ ಒಡೆತನವಿದೆಯೇ ಎಂಬುದು ಅಲ್ಲಿಯ ಪ್ರಶ್ನೆ. ಕುಮರಿಗೆ ತೆರಿಗೆ ಕೊಟ್ಟ ಮಾತ್ರಕ್ಕೆ ನೆಲವೂ ಮರವೂ ಸ್ವಂತವಾಗದೆಂದು ನ್ಯಾಯಾಲಯವು ಸರಕಾರದ ಪಕ್ಷಕ್ಕೆ ನಿಂತಿತು. ಮನ್ರೋ ಸಾಗುವಳಿಯ ನೆಲಕ್ಕೆ ಒಪ್ಪಿದ್ದ ಹಕ್ಕು ಕಾಡಿನ ಅಂಚಿನಲ್ಲಿ ನಿಂತುಹೋಯಿತು.

ಗಂಧದ ಮರದ ಕಥೆ ಇನ್ನೂ ದೀರ್ಘವಾದುದು. ಮೈಸೂರಿನಲ್ಲಿ ಟಿಪ್ಪುವಿನ ಕಾಲದಿಂದ ಅದು ರಾಜವೃಕ್ಷ. ರೈತನ ಹಿತ್ತಿಲಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಹುಟ್ಟಿದರೂ ಅದು ಸರಕಾರದ್ದೇ. ಕಾಯುವ ಹೊಣೆ ರೈತನಿಗೆ, ಮರ ಸರಕಾರಕ್ಕೆ. ಆದುದರಿಂದ ಸಸಿ ಕಂಡೊಡನೆ ಸದ್ದಿಲ್ಲದೆ ಕಿತ್ತೆಸೆದ ರೈತರೂ ಇದ್ದರು. ರಾಜರು ಹೋಗಿ, ಇಂಗ್ಲಿಷರು ಹೋಗಿ, ಸ್ವರಾಜ್ಯ ಬಂದರೂ ಈ ನಿಯಮ ಉಳಿದುಕೊಂಡಿತು. 1956ರಲ್ಲಿ ರಾಜ್ಯಗಳ ಎಲ್ಲೆಗಳು ಬದಲಾದುವು. ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಕ್ಕೆ ಸೇರಿದುವು. ಗಂಧದ ಮರದ ಒಡೆತನ ಮಾತ್ರ ಇದ್ದಲ್ಲಿಯೇ ಇತ್ತು. ಕರ್ನಾಟಕದಲ್ಲಿ ನೆಲದ ಒಡೆಯನೇ ಗಂಧದ ಮರಕ್ಕೂ ಒಡೆಯನೆಂದು ಕಾಯಿದೆಯನ್ನು ತಿದ್ದಿದುದು 2001ರಲ್ಲಿ. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅಪ್ಪಣೆ ಬೇಕು.

ಮುಂಬಯಿಯಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ನೀರಿನ ಮೇಲೆ ನಿಂತಿದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಅದರ ಹಲಗೆಗಳನ್ನು ಮುಟ್ಟಿ ನೋಡಿ ಹೋಗುತ್ತಾರೆ. ನೌಕೆಯನ್ನು ನೀರಿಗಿಳಿಸಿದುದು 1817ರ ಅಕ್ಟೋಬರ್ 12ರಂದು. ಕ್ಯಾಪ್ಟನ್ ವಾಟ್ಸನ್ನನ ಹುದ್ದೆ ರದ್ದಾಗಲು ಆಗ ಇನ್ನೂ ಆರು ವರ್ಷ ಬಾಕಿಯಿತ್ತು.