ಕಪ್ಪೆ ಬೇಡ, ಕುರಿಯ ಗುಂಡಿಗೆ ಇರಲಿ

ಅಮೆರಿಕದ ಅನೇಕ ಹೈಸ್ಕೂಲುಗಳಲ್ಲಿ ಸಸ್ತನಿಯ ದೇಹರಚನೆಯ ಪಾಠ ನಡೆಯುವುದು ಹಂದಿಯ ಭ್ರೂಣದ ಮೇಲೆ. ಮೇಣದ ತಟ್ಟೆಯಲ್ಲಿ ಇನ್ನೂ ಹುಟ್ಟದ ಪುಟ್ಟ ಮರಿಯೊಂದನ್ನು ಮಲಗಿಸಿ, ಹೊಟ್ಟೆ ಸೀಳಿ, ಒಂದೊಂದೇ ಅಂಗವನ್ನು ಗುರುತಿಸುತ್ತಾ ಹೋಗುತ್ತಾರೆ. ಕೇಳಿದವರಿಗೆ, ಅದರಲ್ಲೂ ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರಿಗೆ, ಮೊದಲು ಕಸಿವಿಸಿಯಾಗುವುದು ಸಹಜ. ಆದರೆ ಆ ಮರಿ ಎಲ್ಲಿಂದ ಬಂತೆಂಬುದನ್ನು ಗಮನಿಸಬೇಕು. ಮಾಂಸಕ್ಕಾಗಿ ಕಸಾಯಿಖಾನೆಗೆ ಬರುವ ಹೆಣ್ಣು ಹಂದಿಗಳಲ್ಲಿ ಕೆಲವು ಗಬ್ಬವಾಗಿರುತ್ತವೆ. ಅವುಗಳ ಗರ್ಭದಲ್ಲಿ ಸಿಕ್ಕ ಭ್ರೂಣಗಳನ್ನು ಕೆಡದಂತೆ ಸಂಸ್ಕರಿಸಿ ಶಾಲೆಗಳಿಗೆ ಒದಗಿಸುತ್ತಾರೆ. ಪಾಠಕ್ಕೆಂದೇ ಯಾವ ಹಂದಿಯನ್ನೂ ಸಾಕುವುದಿಲ್ಲ, ಕೊಲ್ಲುವುದೂ ಇಲ್ಲ. ಜೀವ ತೆಗೆಯುವುದು ಮತ್ತು ದೇಹವನ್ನು ತೆರೆದು ನೋಡುವುದು ಬೇರೆ ಬೇರೆ ಕೆಲಸಗಳು ಎಂಬುದಕ್ಕೆ ಈ ಪದ್ಧತಿ ಸಾಕ್ಷಿ. ನಮ್ಮಲ್ಲಿ ಆ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ವಿಜ್ಞಾನದ ವಿದ್ಯಾರ್ಥಿಗಳಿಗೆ ದೊಡ್ಡ ನಷ್ಟವಾಗಿದೆ.

ಭ್ರೂಣ ಕಲಿಸುವ ಪಾಠ ಸಾಮಾನ್ಯದ್ದಲ್ಲ. ಹಂದಿಯ ಗರ್ಭಾವಧಿ ಸುಮಾರು 114 ದಿನ. ಕೊನೆಯ ವಾರಗಳ ಹೊತ್ತಿಗೆ ಅಂಗಗಳೆಲ್ಲ ರೂಪುಗೊಂಡಿರುತ್ತವೆ, ಮೂಳೆ ಮಾತ್ರ ಇನ್ನೂ ಎಳೆಯದು. ಅಪಧಮನಿಗಳಿಗೆ ಕೆಂಪು, ಅಭಿಧಮನಿಗಳಿಗೆ ನೀಲಿ ರಬ್ಬರು ದ್ರವ ತುಂಬಿರುವುದರಿಂದ ರಕ್ತದ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಬಹುದು. ಹೊಕ್ಕುಳಬಳ್ಳಿಯನ್ನು ಅಡ್ಡ ಕತ್ತರಿಸಿದರೆ ಎರಡು ಅಪಧಮನಿ, ಒಂದು ಅಭಿಧಮನಿ ಕಾಣುತ್ತವೆ. ಎದೆಗೂಡಿನಲ್ಲಿ ಶ್ವಾಸಕೋಶ ಇನ್ನೂ ಗಾಳಿ ಕಾಣದೆ ಗಟ್ಟಿಯಾಗಿ ಮುದುಡಿಕೊಂಡಿರುತ್ತದೆ. ಉಸಿರಾಟವೇ ಇಲ್ಲದ ಜೀವಕ್ಕೆ ಅಲ್ಲಿಗೆ ಹೆಚ್ಚು ರಕ್ತ ಬೇಕಿಲ್ಲ. ಅದಕ್ಕೆಂದೇ ಎರಡು ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇದೆ. ಶ್ವಾಸಕೋಶದ ಕಡೆ ಹೊರಟ ರಕ್ತನಾಳದಿಂದ ಮಹಾಪಧಮನಿಗೆ ನೇರವಾಗಿ ಸೇರುವ ಅಡ್ಡನಾಳವೂ ಇದೆ. ಹುಟ್ಟಿ ಉಸಿರಾಡತೊಡಗಿದ ಮೇಲೆ ಎರಡೂ ಮುಚ್ಚಿಕೊಳ್ಳುತ್ತವೆ. ಮನುಷ್ಯರ ಶಿಶುವಿನಲ್ಲೂ ನಡೆಯುವುದು ಇದೇ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿದೆ ಎಂದು ವೈದ್ಯರು ಹೇಳಿದಾಗ ಅದರ ಅರ್ಥವೇನು ಎಂಬುದು, ಈ ಗೋಡೆಯನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಬೇಗ ಹೊಳೆಯುತ್ತದೆ.

ನಮ್ಮ ಕಥೆ ಬೇರೆ. ಇಲ್ಲಿ ದಶಕಗಳ ಕಾಲ ಪ್ರಯೋಗಶಾಲೆಯ ಮೇಜಿಗೆ ಬಂದದ್ದು ಕಪ್ಪೆ, ಅದೂ ಗದ್ದೆ ಕೆರೆಗಳಿಂದ ಹಿಡಿದು ತಂದದ್ದು. ಬೆಳೆಗೆ ಕಂಟಕವಾದ ಹುಳುಹುಪ್ಪಟೆಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿಯದು. ಕಪ್ಪೆಯ ಕಾಲುಗಳ ರಫ್ತನ್ನು ದೇಶ 1987ರಲ್ಲೇ ನಿಷೇಧಿಸಿತಾದರೂ ತರಗತಿಗಳಲ್ಲಿ ಛೇದನ ಮುಂದುವರಿದಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ತಗ್ಗಿಸಲು ಮಾರ್ಗಸೂಚಿ ಹೊರಡಿಸಿತು, 2014ರಲ್ಲಿ ಪೂರ್ತಿ ಕೈಬಿಡುವಂತೆ ಹೇಳಿತು. ಆ ನಿರ್ಧಾರ ಸರಿಯಾಗಿತ್ತು. ವರ್ಷವರ್ಷವೂ ಅದೇ ಚಿತ್ರ ಬರೆದು ಅದೇ ಅಂಕ ಪಡೆಯಲು ಕಾಡುಜೀವಿಗಳನ್ನು ಕೊಲ್ಲುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಕೊಲ್ಲುವುದು ನಿಂತಾಗ ನಿಜವಾದ ಅಂಗವನ್ನು ಮುಟ್ಟಿ ನೋಡುವ ಅಭ್ಯಾಸವೂ ಬಹುಪಾಲು ಕಡೆ ನಿಂತುಹೋಯಿತು. ಅದರ ಜಾಗಕ್ಕೆ ಗೋಡೆಯ ಚಾರ್ಟು, ಪ್ಲಾಸ್ಟಿಕ್ ಮಾದರಿ, ಕಂಪ್ಯೂಟರಿನ ಚಿತ್ರ ಬಂದವು.

ಅಷ್ಟು ಸಾಲದೇ ಎಂದು ಕೇಳುವವರ ಬಳಿ ಗಟ್ಟಿಯಾದ ಆಧಾರವಿದೆ. ಸಾಫ್ಟ್‌ವೇರ್ ಮತ್ತು ಮಾದರಿಗಳಿಂದ ಕಲಿತವರು ಪರೀಕ್ಷೆಯಲ್ಲಿ ಹಿಂದೆ ಬೀಳುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ಕೆಲವದರಲ್ಲಿ ಅವರೇ ಮುಂದಿದ್ದಾರೆ. ಇದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಪರೀಕ್ಷೆಗಳು ಬಹುಮಟ್ಟಿಗೆ ಅಳೆಯುವುದು ಭಾಗಗಳ ಹೆಸರು, ಜಾಗ, ಕೆಲಸಗಳ ತಿಳಿವಳಿಕೆಯನ್ನು. ಪ್ಲಾಸ್ಟಿಕ್ ಹೃದಯದಲ್ಲಿ ಪ್ರತಿ ಭಾಗಕ್ಕೂ ಬಣ್ಣ ಹಚ್ಚಿ ಗಡಿ ಎಳೆದುಕೊಟ್ಟಿರುತ್ತಾರೆ. ನಿಜವಾದ ದೇಹದಲ್ಲಿ ಗಡಿಗಳಿಲ್ಲ. ಒಂದು ಪೊರೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ, ಇದು ನರವೋ ರಕ್ತನಾಳವೋ, ಪುಸ್ತಕದ ಚಿತ್ರಕ್ಕೂ ಕೈಯಲ್ಲಿರುವುದಕ್ಕೂ ಯಾಕೆ ತಾಳೆಯಾಗುತ್ತಿಲ್ಲ ಎಂದು ವಿದ್ಯಾರ್ಥಿಯೇ ನಿರ್ಧರಿಸಬೇಕು. ಒಂದು ಜೀವಿಯಂತೆ ಇನ್ನೊಂದು ಇರುವುದಿಲ್ಲ ಎಂಬ ಜೀವಶಾಸ್ತ್ರದ ಮೂಲಪಾಠ ಸಿಗುವುದು ಇಂಥ ತಡಕಾಟದಲ್ಲೇ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನೂರು ಮಾದರಿಗಳು ಅದನ್ನು ಹೇಳಿಕೊಡಲಾರವು.

ಪ್ರಾಣಿಯ ದೇಹ ಮನುಷ್ಯನದಲ್ಲವಲ್ಲ ಎಂಬ ಆಕ್ಷೇಪಕ್ಕೂ ಹುರುಳಿದೆ. ಪ್ರಾಚೀನ ವೈದ್ಯ ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆ ಬರೆದ. ಗೊರಸಿನ ಪ್ರಾಣಿಗಳ ಮಿದುಳಿನ ಬುಡದಲ್ಲಿರುವ ರಕ್ತನಾಳದ ಬಲೆ ನಮ್ಮಲ್ಲೂ ಇದೆ ಎಂದುಬಿಟ್ಟ. ಆ ತಪ್ಪು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. 1543ರಲ್ಲಿ ವೆಸಾಲಿಯಸ್ ಮನುಷ್ಯದೇಹವನ್ನೇ ತೆರೆದು ನೋಡಿ ಬರೆದ ಗ್ರಂಥದಿಂದ ಅಂಥ ಅನೇಕ ತಪ್ಪುಗಳು ಬಯಲಾದವು. ಅಂದರೆ ವ್ಯತ್ಯಾಸಗಳನ್ನು ಶಿಕ್ಷಕರು ಎತ್ತಿ ಹೇಳಲೇಬೇಕು: ಹಂದಿಯ ದೊಡ್ಡ ಕರುಳು ಸುರುಳಿ ಸುತ್ತಿರುತ್ತದೆ, ಗರ್ಭಕೋಶಕ್ಕೆ ಎರಡು ಕೊಂಬುಗಳಿವೆ. ಹಾಗೆಯೇ ಹೋಲಿಕೆ ಎಷ್ಟು ಹತ್ತಿರದ್ದೆಂದರೆ 2022ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ವಂಶವಾಹಿ ತಿದ್ದಿದ ಹಂದಿಯ ಹೃದಯವನ್ನು ರೋಗಿಯೊಬ್ಬರಿಗೆ ಕಸಿ ಮಾಡಿದರು; ಅವರು ಸುಮಾರು ಎರಡು ತಿಂಗಳು ಬದುಕಿದ್ದರು.

ಹಾಗೆಂದು ಹಂದಿಯ ಭ್ರೂಣವನ್ನು ಇಲ್ಲಿಗೆ ತರಬೇಕು ಎನ್ನುವುದು ನನ್ನ ವಾದವಲ್ಲ. ಅಮೆರಿಕದ ಪದ್ಧತಿಯಲ್ಲೂ ದೋಷಗಳಿವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿದೆ. ಅದನ್ನು ಬಳಸಿ ಸಂಸ್ಕರಿಸಿದ ಮಾದರಿಗಳ ಮುಂದೆ ಮಕ್ಕಳನ್ನು ಗಂಟೆಗಟ್ಟಲೆ ಕೂರಿಸುವುದು ಒಳ್ಳೆಯದಲ್ಲ. ಭ್ರೂಣದ ಮಾರಾಟ ಮಾಂಸೋದ್ಯಮಕ್ಕೆ ಇನ್ನೊಂದು ಆದಾಯವಾಗುತ್ತದೆ ಎಂಬ ದೂರೂ ನಿಜ. ನಮಗೆ ಇದಕ್ಕಿಂತ ಸರಳವಾದ ದಾರಿ ಇದೆ. ತಾಲ್ಲೂಕು ಕೇಂದ್ರಗಳ ಮಟನ್ ಅಂಗಡಿಗಳಲ್ಲೂ ಕುರಿ, ಮೇಕೆಯ ಗುಂಡಿಗೆ, ಮೂತ್ರಪಿಂಡ, ಶ್ವಾಸಕೋಶ ಸಿಗುತ್ತವೆ. ಒಂದು ಕಾಲೇಜು ವರ್ಷಕ್ಕೆ ನಾಲ್ಕಾರು ಗುಂಡಿಗೆ ಕೊಂಡರೆ ಅದಕ್ಕಾಗಿ ಒಂದು ಕುರಿಯೂ ಹೆಚ್ಚಾಗಿ ಸಾಯುವುದಿಲ್ಲ. ರಕ್ತನಾಳಗಳನ್ನು ಬುಡಕ್ಕೇ ಕೊಯ್ಯದೆ ಉದ್ದ ಬಿಟ್ಟು ಕೊಡಿ ಎಂದು ಮೊದಲೇ ಹೇಳಿದರೆ ಸಾಕು. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಎಷ್ಟು ದಪ್ಪ ಎಂದು ಹಿಚುಕಿ ನೋಡಬಹುದು. ಇಡೀ ದೇಹಕ್ಕೆ ರಕ್ತ ದಬ್ಬುವ ಕೋಣೆಗೂ ಪಕ್ಕದ ಶ್ವಾಸಕೋಶಕ್ಕಷ್ಟೇ ದಬ್ಬುವ ಕೋಣೆಗೂ ಇರುವ ವ್ಯತ್ಯಾಸವದು. ಕವಾಟಗಳನ್ನು ಹಿಡಿದಿಟ್ಟ ದಾರಗಳನ್ನು ಎಳೆದು ನೋಡಬಹುದು. ಭ್ರೂಣದಲ್ಲಿದ್ದ ಆ ಅಡ್ಡನಾಳ ಮುಚ್ಚಿಕೊಂಡು ಉಳಿದ ಗಟ್ಟಿ ಎಳೆಯೂ ಎರಡು ದೊಡ್ಡ ರಕ್ತನಾಳಗಳ ನಡುವೆ ಬೆರಳಿಗೆ ಸಿಗುತ್ತದೆ. ತಾಜಾ ಅಂಗಕ್ಕೆ ಫಾರ್ಮಾಲಿನ್ ಬೇಕಿಲ್ಲ. ಕೈಗವಸು, ಸೋಪು, ಅಂದೇ ಸರಿಯಾದ ವಿಲೇವಾರಿ ಇದ್ದರಾಯಿತು.

ಮನಸ್ಸೊಪ್ಪದ ವಿದ್ಯಾರ್ಥಿಗಳ ಗತಿಯೇನು? ನಮ್ಮ ತರಗತಿಗಳಲ್ಲಿ ಸಸ್ಯಾಹಾರಿ ಮನೆಯ ಮಕ್ಕಳಿದ್ದಾರೆ, ಮಾಂಸ ತಿಂದರೂ ಕೊಯ್ಯಲಾರದವರಿದ್ದಾರೆ. ಅವರನ್ನು ಬಲವಂತಪಡಿಸಬಾರದು, ಅಂಕವನ್ನೂ ಕಡಿಯಬಾರದು. ಕ್ಯಾಲಿಫೋರ್ನಿಯಾದ ಜೆನಿಫರ್ ಗ್ರಹಾಂ ಎಂಬ ವಿದ್ಯಾರ್ಥಿನಿ 1987ರಲ್ಲಿ ಕಪ್ಪೆ ಕೊಯ್ಯಲು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದ್ದಳು. ಮರುವರ್ಷ ಆ ರಾಜ್ಯ ವಿದ್ಯಾರ್ಥಿಗಳಿಗೆ ನಿರಾಕರಿಸುವ ಹಕ್ಕು ಕೊಡುವ ಕಾನೂನು ಮಾಡಿತು. ಅಂಥದ್ದೇ ಕಾನೂನು ಫ್ಲಾರಿಡಾದಲ್ಲಿ 1985ರಲ್ಲೇ ಬಂದಿತ್ತು. ಕಂಪ್ಯೂಟರಿನ ಚಿತ್ರಗಳು ನಿಜವಾಗಿ ಉಪಯೋಗಕ್ಕೆ ಬರಬೇಕಾದದ್ದು ಇಂಥವರಿಗೆ. ಅವರ ಹಕ್ಕನ್ನು ಕಾಯಲು ಎಲ್ಲರ ಕಲಿಕೆಯನ್ನೂ ನಿಲ್ಲಿಸಬೇಕಿಲ್ಲ.

ವೈದ್ಯರಾಗುವವರು ಮುಂದೆ ಹೇಗೂ ಶವಛೇದನ ಮಾಡುತ್ತಾರೆ, ಉಳಿದವರಿಗೆ ಇದೆಲ್ಲ ಯಾಕೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಲ್ಲಿ ಬಹಳಷ್ಟು ಮಂದಿ ವೈದ್ಯರಾಗುವುದಿಲ್ಲ. ಅವರ ಪಾಲಿಗೆ ಆ ಪ್ರಯೋಗಶಾಲೆಯೇ ಕೊನೆಯ ಅವಕಾಶ. ನಾಳೆ ಅಪ್ಪನ ಆಂಜಿಯೋಗ್ರಾಂ ವರದಿ ಹಿಡಿದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಲ್ಲುವವರು ಅವರೇ. ಗುಂಡಿಗೆಗೇ ರಕ್ತ ಒದಗಿಸುವ ನಾಳಗಳು ಎಷ್ಟು ಸಣ್ಣವು ಎಂದು ಕಂಡಿದ್ದರೆ ವೈದ್ಯರಿಗೆ ಕೇಳಬೇಕಾದ ಪ್ರಶ್ನೆ ಅವರಿಗೆ ತಾನಾಗಿ ಹೊಳೆಯುತ್ತದೆ. ಪಿಯು ಪ್ರಾಯೋಗಿಕ ಪಠ್ಯವನ್ನು ಮುಂದಿನ ಸಲ ಪರಿಷ್ಕರಿಸುವಾಗ ಕುರಿ ಅಥವಾ ಮೇಕೆಯ ಗುಂಡಿಗೆಯ ಅಧ್ಯಯನವನ್ನು, ಒಲ್ಲೆನೆನ್ನುವ ಹಕ್ಕಿನೊಂದಿಗೆ, ಶಿಕ್ಷಣ ಇಲಾಖೆ ಅದರಲ್ಲಿ ಸೇರಿಸಬೇಕು.