ಸ್ತ್ರೀ ಭಾವಚಿತ್ರ: ಅಂತಸ್ತು ಮತ್ತು ಶೀಲದ ಓದು

ಸ್ತ್ರೀಯ ಭಾವಚಿತ್ರವು ಆಕೆಯ ಅಂತಸ್ತನ್ನೂ ಸ್ವಭಾವವನ್ನೂ ತಾನಾಗಿಯೇ ಸಾರುತ್ತದೆ ಎಂಬ ನಂಬಿಕೆ ಕಲಾವಿಮರ್ಶೆಯಲ್ಲಿ ಬೇರೂರಿದೆ. ಸೀರೆಯ ಅಂಚು, ಒಡವೆ, ನಿಲುವು, ನೋಟ ಇವುಗಳನ್ನು ಬಲ್ಲವರಿಗೆ ಚಿತ್ರದೊಳಗಿನವಳು ಯಾರೆಂಬುದು ತಿಳಿದೇ ತಿಳಿಯುತ್ತದೆ ಎಂದು ಭಾವಿಸಲಾಗಿದೆ. ಮೈಸೂರು ಸೀಮೆಯ ಒಂದು ಚಿತ್ರದ ಚರಿತ್ರೆ ಈ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯವಾಗಿದೆ.

ಐರಿಷ್ ಕಲಾವಿದ ಥಾಮಸ್ ಹಿಕಿ 1805ರ ಸುಮಾರಿಗೆ ಮೂವರು ಸ್ತ್ರೀಯರನ್ನು ಒಂದೇ ತೈಲಚಿತ್ರದಲ್ಲಿ ಬರೆದನು. ಮೈತುಂಬ ಆಭರಣ, ಬೆಲೆಬಾಳುವ ವಸ್ತ್ರ, ಅಳುಕಿಲ್ಲದ ನೋಟ. ಬಲಗಡೆಯ ತರುಣಿ ಸೆರಗು ಸರಿಸಿ ಎಡತೋಳನ್ನು ತೋರುತ್ತಿದ್ದಾಳೆ. ಬಹುಕಾಲ ಇವರನ್ನು ನರ್ತಕಿಯರೆಂದೂ ಗಣಿಕೆಯರೆಂದೂ ತಿಳಿಯಲಾಗಿತ್ತು. 2001ರಲ್ಲಿ ಇತಿಹಾಸಕಾರ ನೈಜಲ್ ಚಾನ್ಸೆಲರ್ ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯವರೆಂದು ವಾದಿಸಿದರು. ಅವರ ಪ್ರಕಾರ ತೋಳು ತೋರುವವಳು ಕಿರಿಯ ರಾಣಿ ದೇವಾಜಮ್ಮಣ್ಣಿ; ಅದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ತೋಳು. ಎಡಗಡೆಯವಳ ಬಾಯಿಯ ಸುತ್ತಲಿನ ಬಣ್ಣಗೇಡು ಹಳೆಯ ಪದ್ಧತಿಯ ಸಿಡುಬು ಚುಚ್ಚಿಕೆಯ ಗುರುತು. ಆಹ್ವಾನವೆಂದು ಕಾಣಬಹುದಾಗಿದ್ದ ಭಂಗಿಯೇ ಪ್ರಜೆಗಳಿಗೆ ಧೈರ್ಯ ಹೇಳುವ ಭಂಗಿಯಾಯಿತು. ಒಡವೆಯಲ್ಲಾಗಲಿ ಬಣ್ಣದಲ್ಲಾಗಲಿ ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಹೆಸರು ಮಾತ್ರ.

ಇದಕ್ಕೆ ಎದುರಾಗಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನವನ್ನು ಇಟ್ಟು ನೋಡಬೇಕು. ಕ್ರಿ.ಶ. 1057ರ ಈ ಶಾಸನ ದೇಕಬ್ಬೆಯ ಶಬ್ದಚಿತ್ರವೆನ್ನಬಹುದು. ಆಕೆ ನುಗುನಾಡಿನ ರವಿಗನ ಮಗಳು, ನವಲೆನಾಡಿನ ಏಚನ ಹೆಂಡತಿ. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದ ಏಚನಿಗೆ ಚೋಳ ಅರಸನಿಂದ ಮರಣದಂಡನೆಯಾದಾಗ, ಬಂಧುಗಳು ತಡೆದರೂ ಕೇಳದೆ ಆಕೆ ಬೆಂಕಿಯನ್ನು ಹೊಕ್ಕಳು. ಒಡವೆ ನೋಡಿ ಊಹಿಸುವ ಅಗತ್ಯ ಇಲ್ಲಿಲ್ಲ. ಹಾಗೆಂದು ಈ ಚಿತ್ರವೂ ನಿರ್ದೋಷವಲ್ಲ. ಅಂತಸ್ತು ತಂದೆ ಗಂಡಂದಿರಿಂದ ಬಂದದ್ದು. ಹಟವೆಂದೋ ದುಃಖವೆಂದೋ ಕರೆಯಬಹುದಾಗಿದ್ದುದನ್ನು ಶಾಸನಕವಿ ಶೀಲವೆಂದು ಕರೆದಿದ್ದಾನೆ. ಸಹಗಮನವನ್ನು ಮೆಚ್ಚಿದ ಸಮಾಜಕ್ಕೆ ಬೇಕಾಗಿದ್ದ ಮುಖವನ್ನೇ ಅವನು ಬಿಡಿಸಿದನು. ಆದರೂ ಹೆಸರು ಉಳಿದುದರಿಂದಲೇ ಇಂದಿನ ಓದುಗರು ಆ ಕವಿಯೊಡನೆ ಜಗಳವಾಡಲು ಸಾಧ್ಯವಾಗಿದೆ.

ಇದೇ ತಾಲ್ಲೂಕಿನ ಕಾಡಂಚಿನ ಜೇನುಕುರುಬ, ಬೆಟ್ಟಕುರುಬ ಹೆಣ್ಣುಮಕ್ಕಳಿಗೆ ಅಷ್ಟೂ ದೊರೆತಿಲ್ಲ. ವಸಾಹತು ಕಾಲದ ಜನಾಂಗವರ್ಣನೆಯ ಸಂಪುಟಗಳು ಇಂಥವರ ಛಾಯಾಚಿತ್ರಗಳಿಗೆ ಕುಲದ ಹೆಸರನ್ನೇ ಅಡಿಬರಹವಾಗಿ ಕೊಡುತ್ತಿದ್ದವು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳು ಇದಕ್ಕೆ ನಿದರ್ಶನ. ಮಣಿಸರ ಕುಲದ್ದಾಯಿತು, ಮುಖ ಮಾದರಿಯಾಯಿತು. ರಾಣಿಯನ್ನು ಗಣಿಕೆಯೆಂದು ಓದಿದ ತಪ್ಪಿಗಿಂತ ಇದು ಚಿಕ್ಕದೇನಲ್ಲ. ಅಲ್ಲಿ ತಿದ್ದಲು ಅರಮನೆಯ ದಾಖಲೆಗಳಿದ್ದವು, ಇಲ್ಲಿ ಅವೂ ಇಲ್ಲ.

ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕರು ಹಾಡಿಗಳಿಂದ ಹಾಡು, ಕಥೆಗಳನ್ನು ತರುತ್ತಾರೆ. ಹಳೆಯ ಛಾಯಾಚಿತ್ರಗಳನ್ನು ಹಾಡಿಗಳಿಗೆ ಕೊಂಡೊಯ್ದು, ಇವಳು ಯಾರೆಂದು ಹಿರಿಯರನ್ನು ಕೇಳುವುದೂ ಆ ಕಾರ್ಯದ ಭಾಗವಾಗಬೇಕು. ಗುರುತಿಸಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.